ಕರೆದವರ ಹೊಲದಲ್ಲಿ ಮಂದೆ

ಬಿಳಿಚೋಡಿನ ದುರುಗಮ್ಮನ ಮಗ ಸಿದ್ದು ಬೆಳಗ್ಗೆಯಿಂದ ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದ. "ನಾನು ದುಬೈ ನೋಡಾಕೆ ಹೊಂಟೀನಿ. ನೋಡ್ಕೊಂಡು ವಾಪಸ್ ಬರ್ತೀನಿ."

ಹೊರಟಿದ್ದು ನೋಡುವುದಕ್ಕಲ್ಲ, ಗೋದಾಮಿನಲ್ಲಿ ಮೂಟೆ ಹೊರುವುದಕ್ಕೆ. ವಿಮಾನ ನಿಲ್ದಾಣದಲ್ಲಿ ಹೀಗೆ ಹೇಳಬೇಕೆಂದು ಕಲಿಸಿದವನು ಹೊನ್ನಾಳಿಯ ಏಜೆಂಟ್ ಪರಶುರಾಮ, ದುರುಗಮ್ಮನ ದೂರದ ನೆಂಟ. ಅವನಿಗೆ ಕೊಡುವ ಹಣಕ್ಕಾಗಿ ಅವಳು ಇಡೀ ಕುರಿಮಂದೆಯನ್ನೇ ಮಾರಲು ನಿಂತಿದ್ದಳು. ಗಂಡ ತೀರಿದ ಮೇಲೆ ಮನೆ ನಡೆಸಿದ್ದು ಆ ಮಂದೆಯೇ. ಆದರೂ ಮಗ ನಾಲ್ಕು ಕಾಸು ನೋಡಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಕುರಿ ಕೊಳ್ಳಲು ಚನ್ನಗಿರಿಯ ವ್ಯಾಪಾರಿ ಸುಬಾನಸಾಬರು ಬಂದರು. ಕುರಿಗಳ ಬೆನ್ನು ಒತ್ತಿ ನೋಡುತ್ತಿದ್ದವರ ಕಿವಿಗೆ ಸಿದ್ದುವಿನ ಪಾಠ ಬಿತ್ತು.

"ಕೆಲಸಕ್ಕೆ ಹೋಗೋನು ನೋಡಾಕೆ ಹೋಗ್ತೀನಿ ಅಂತ ಯಾಕೆ ಹೇಳ್ಬೇಕಪ್ಪ?"

"ವೀಸಾ ಹಂಗೇ ಕೊಟ್ಟಿರೋದು. ಅಲ್ಲಿ ಹೋದ ಮ್ಯಾಲೆ ಕೆಲಸದ ವೀಸಾ ಮಾಡಿಸ್ತಾರಂತೆ."

"ನನ್ನ ಮಗ ಶಾಹಿದ್‌ಗೂ ಇದನ್ನೇ ಹೇಳಿದ್ರು. ಮಾಲೀಕ ದುಡಿಸ್ಕೊಂಡ, ಪಗಾರ ಕೊಡ್ಲಿಲ್ಲ. ದೂರು ಕೊಡಾಕೆ ಹೋದ್ರೆ, ನೋಡಾಕೆ ಬಂದೋನು ದುಡಿದಿದ್ದೇ ತಪ್ಪು ಅಂತ ಇವನನ್ನೇ ಒಳಗೆ ಹಾಕಿದ್ರು."

ಹೊರಡುವ ಹೊತ್ತಿಗೆ ಇವರು ಅಪಶಕುನ ನುಡಿಯುತ್ತಿದ್ದಾರೆ ಎಂದು ದುರುಗಮ್ಮನಿಗೆ ಸಿಟ್ಟು ಬಂತು. "ಪರಶುರಾಮ ನಮ್ಮೋನು ರೀ. ನಾವು ಊರೂರಲ್ಲಿ ರಾತ್ರಿ ಹೊಲದಾಗೆ ಮಂದೆ ತರುಬಿ ನಿಲ್ಸೋದೂ ಬರೀ ಬಾಯಿಮಾತಿನ ಮ್ಯಾಲೇ. ಯಾರು ಮೋಸ ಮಾಡ್ಯಾರೆ?"

"ಕರೆದವರ ಹೊಲದಾಗೆ ತರುಬ್ತೀರಿ. ಗೊಬ್ಬರ ಬಿತ್ತು ಅಂತ ಅವರೇ ಕಾಳು ಕೊಟ್ಟು ಕಳಿಸ್ತಾರೆ. ಅದೇ ಮಂದೆ ಕರೆಯದ ಹೊಲಕ್ಕೆ ನುಗ್ಗಿದ್ರೆ?"

ದುರುಗಮ್ಮನಿಗೆ ಹೋದ ವರ್ಷ ಜೋಳದ ಹೊಲಕ್ಕೆ ನುಗ್ಗಿದ ಕುರಿಗಳನ್ನು ಪಂಚಾಯ್ತಿ ದೊಡ್ಡಿಯಿಂದ ದಂಡ ಕಟ್ಟಿ ಬಿಡಿಸಿಕೊಳ್ಳಲು ಪಟ್ಟ ಪಾಡು ನೆನಪಾಯಿತು. "ದೊಡ್ಡಿಗೆ ಹಾಕ್ತಾರೆ" ಎಂದಳು ಮೆಲ್ಲಗೆ.

"ಹಂಗಾದ್ರೆ ನಾನು ಹೋಗೋದೇ ಬ್ಯಾಡ್ವ?" ಎಂದ ಸಿದ್ದು.

"ಹೋಗು, ಕರೆಸ್ಕೊಂಡು ಹೋಗು. ಕೆಲಸದ ವೀಸಾ ಇಲ್ಲೇ ಕೈಗೆ ಬರ್ಲಿ, ಪಗಾರ ಬರೆದ ಕರಾರು ಇರ್ಲಿ. ನಿನ್ನಂಗೆ ಹತ್ತನೇ ಕ್ಲಾಸ್ ಪಾಸಾಗದೋರು ಗಲ್ಫ್ ದೇಶಕ್ಕೆ ದುಡಿಯಾಕೆ ಹೋಗ್ಬೇಕಂದ್ರೆ ನಮ್ಮ ಸರ್ಕಾರದ ವಲಸೆ ಅನುಮತಿನೂ ಬೇಕು, ವಿಮೆನೂ ಮಾಡಿಸ್ಬೇಕು. ಶಾಹಿದ್ ಎರಡನೇ ಸಲ ಹಂಗೇ ಹೋದ. ಈಗ ಪಗಾರ ಬ್ಯಾಂಕಿಗೇ ಬೀಳ್ತೈತೆ."

ದುರುಗಮ್ಮ ಅಲ್ಲೇ ಪರಶುರಾಮನಿಗೆ ಫೋನ್ ಮಾಡಿಸಿದಳು. "ಅಣ್ಣ, ನಿನಗೆ ಸರ್ಕಾರದ ಲೈಸೆನ್ಸ್ ಐತಾ? ಕೆಲಸದ ವೀಸಾ ಮೊದ್ಲೇ ಕೊಡ್ತೀಯಾ?"

"ನೆಂಟರ ನಡುವೆ ಲೈಸೆನ್ಸ್ ಯಾಕಕ್ಕ?" ಎಂದು ನಕ್ಕು ಅವನು ಫೋನ್ ಇಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ದುರುಗಮ್ಮ ಫೋನನ್ನು ಮಗನ ಕೈಗೆ ಕೊಟ್ಟು ಸಾಬರ ಕಡೆ ತಿರುಗಿದಳು. "ಮಂದೆ ಮಾರಾಕಿಲ್ಲ ಸಾಬ್ರೆ. ಬರಿಗೈಲಿ ಕಳಿಸ್ತಿದೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

"ವ್ಯಾಪಾರ ಇನ್ನೊಂದು ಸಲ ಆಗ್ತೈತೆ. ಈಗ ಚಾ ಕೊಡಮ್ಮ" ಎಂದು ಸುಬಾನಸಾಬರು ಕಟ್ಟೆಯ ಮೇಲೆ ಕೂತರು.

ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಬಂಧುಗಳೇ, ನಿಮ್ಮ ಮನೆಯಿಂದಲೂ ಯಾರಾದರೂ ಹೊರದೇಶಕ್ಕೆ ದುಡಿಯಲು ಹೊರಟಿರಬಹುದು. ಹೋಗಲಿ, ಚೆನ್ನಾಗಿ ದುಡಿಯಲಿ. ಆದರೆ ಏಜೆಂಟ್ ನೋಂದಾಯಿತನೇ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಮೊದಲೇ ನೋಡಿ. ಸುಳ್ಳು ಹೇಳಿ ವಿಮಾನ ಹತ್ತು ಎನ್ನುವವನು ಸ್ವಂತ ನೆಂಟನಾದರೂ ಅವನ ಕೈಗೆ ಹಣ ಕೊಡಬೇಡಿ. ದುಡಿಯಲು ಬಂದೆ ಎಂದು ಬಾಯಿಬಿಟ್ಟು ಹೇಳಲಾಗದ ಜಾಗದಲ್ಲಿ, ದುಡಿದ ಪಗಾರವನ್ನು ಯಾವ ಬಾಯಿಂದ ಕೇಳುತ್ತೀರಿ?