ಬರೀ ಮೈ ತಾಗಿದ್ದಕ್ಕೆ

ಸಂಪತ್ ಜೊತೆ ನಿಶ್ಚಿತಾರ್ಥವಾಗಿದ್ದ ರಂಜಿನಿ ಅತ್ತಿಗುಪ್ಪೆಯ ಕ್ಲಿನಿಕ್ಕಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ತೊಡೆಸಂದಿಯಲ್ಲಿ ಉರಿಯುವ ಗುಳ್ಳೆಗಳೆದ್ದಿದ್ದವು.

"ನಾವು ಪೂರ್ತಿ ಸೇರೇ ಇಲ್ಲ ಡಾಕ್ಟ್ರೇ. ಬರೀ ಮೈಗೆ ಮೈ ತಾಗಿದ್ದು."

"ಇದು ಹರ್ಪಿಸ್ ಅನ್ನೋ ವೈರಸ್ ಸೋಂಕು, ಅದಕ್ಕೆ ಅಷ್ಟೇ ಸಾಕಮ್ಮ. ಗುಳ್ಳೆ ಕಾಣದಿದ್ರೂ ಚರ್ಮದಿಂದ ಚರ್ಮಕ್ಕೆ ಹರಡುತ್ತೆ. ಎಚ್‌ಐವಿ ಆದ್ರೆ ಬರೀ ಮೈ ತಾಗಿದ್ರೆ ಬರಲ್ಲ, ಹೆದರ್ಬೇಡಿ. ಇದನ್ನ ಮಾತ್ರೆಯಿಂದ ಹತೋಟಿಯಲ್ಲಿ ಇಡಬಹುದು. ನಿಮ್ಮ ಹುಡುಗನ್ನೂ ಕರ್ಕೊಂಡು ಬನ್ನಿ."

ಹೊರಗೆ ಬಂದು ಸಂಪತ್‌ಗೆ ಫೋನ್ ಮಾಡಿ ಹೇಳಿದಳು.

"ನಿಂಗೆ ಮೊದ್ಲು ಯಾರಾದ್ರೂ ಇದ್ರಾ?" ಅಂದ.

"ಇಲ್ಲ. ನಿಂಗೆ?"

"ಒಬ್ಬಳಿದ್ಲು. ನಂಗೆ ಯಾವತ್ತೂ ಗುಳ್ಳೆ ಎದ್ದಿಲ್ಲ ಕಣೇ, ನಿನ್ನಾಣೆ. ನಾಳೆ ನಾನೂ ಬರ್ತೀನಿ."

"ಬಾ" ಎಂದಳು. ಅವನ ಮಾತನ್ನು ನಂಬಿದಳು. ಆದರೂ ಮೆಟ್ರೋದಲ್ಲಿ ಮನೆ ಸೇರುವವರೆಗೂ ಅಳು ನಿಲ್ಲಲಿಲ್ಲ.