ಕಣ್ಣು ಬಿಡದ ಗಡ್ಡೆಗಳು

ಕೋಲ್ಡ್ ಸ್ಟೋರೇಜಿನಲ್ಲಿ, ತಿನ್ನುವ ಆಲೂಗಡ್ಡೆ ಮೊಳೆಯದಂತೆ ಔಷಧದ ಹೊಗೆ ಹಾಕುವುದು ನನ್ನ ಕೆಲಸ. ಬಿತ್ತನೆ ಗಡ್ಡೆಗೆ ಅದು ಸೋಕಬಾರದು. ಅದಕ್ಕೇ ಅಕ್ಕನ ಗಡ್ಡೆಗಳನ್ನು ಹೊಗೆಯನ್ನೇ ಕಾಣದ ಬೇರೆ ಕೋಣೆಯಲ್ಲಿಟ್ಟಿದ್ದೆ. ಆರು ವರ್ಷ ಹಿತ್ತಿಲಲ್ಲಿ ಆರಿಸಿ ಆರಿಸಿ ಅವಳು ಉಳಿಸಿಕೊಂಡಿದ್ದ ನೇರಳೆ ಕಣ್ಣಿನ ತಳಿ. ಬೇರೆ ಯಾರ ಹತ್ತಿರವೂ ಇಲ್ಲ. ಚೀಲದಲ್ಲಿ ಗಾಳಿಯಾಡುವುದಿಲ್ಲವೆಂದು ಸ್ಟೋರೇಜಿನ ಮೂಲೆಯಲ್ಲಿದ್ದ ಮರದ ಹಳೆಯ ಕ್ರೇಟುಗಳಿಗೆ ತುಂಬಿದವಳೂ ನಾನೇ. ಎರಡೆರಡು ಸಲ ಒರೆಸಿ ತುಂಬಿದ್ದೆ.

ಬಿತ್ತುವ ಕಾಲ ಬಂತು. ಇಪ್ಪತ್ತು ದಿನ ಬೆಚ್ಚಗಿಟ್ಟರೂ ಒಂದೂ ಕಣ್ಣು ಬಿಡಲಿಲ್ಲ. ಸುಕ್ಕಿಲ್ಲ, ಕೊಳೆತಿಲ್ಲ, ನೋಡಲು ಲಕ್ಷಣವಾಗಿದ್ದವು.

"ನಿನ್ನ ತಂಗಿ ಸಂಜೆ ಕಾಲೇಜಿಗೆ ಹೋಗಿದ್ದು ಸಾರ್ಥಕ ಆಯ್ತು ಬಿಡು" ಎಂದು ಭಾವ ಅಕ್ಕನಿಗೆ ಹೇಳಿದರು. "ಪಾಠ ಹೇಳಿ ಹೇಳಿ ಇವನ್ನೂ ಮಲಗಿಸಿದ್ದಾಳೆ."

ನಾನೂ ನಕ್ಕೆ.

ಮರುದಿನ ಸ್ಟೋರೇಜಿನ ಮೇಸ್ತ್ರಿಯನ್ನು ಕೇಳಿದೆ. ಆ ಕ್ರೇಟುಗಳು ನಾಲ್ಕು ವರ್ಷ ಹೊಗೆ ಕುಡಿದಿವೆ, ಮರ ಅದನ್ನು ಸುಲಭಕ್ಕೆ ಬಿಡುವುದಿಲ್ಲ, ಒಂದು ಮಾತು ಕೇಳಬಾರದಿತ್ತೇ ಎಂದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ಅಕ್ಕನ ನಾಲ್ಕು ಗಡ್ಡೆಗಳನ್ನು ಒಂದು ಗಾಜಿನ ಭರಣಿಯಲ್ಲೂ ಬೇರೆಯವರ ನಾಲ್ಕು ಬಿತ್ತನೆ ಗಡ್ಡೆಗಳನ್ನು ಇನ್ನೊಂದರಲ್ಲೂ ಮುಚ್ಚಿಟ್ಟು, ಅವು ಹೊರಬಿಡುವ ಗಾಳಿಯನ್ನು ಮೀಟರಿನಲ್ಲಿ ಅಳೆದೆ. ಅಕ್ಕನವುಗಳ ಉಸಿರು ಅರ್ಧಕ್ಕಿಂತ ಕಡಿಮೆ. ತರಗತಿಯಲ್ಲಿ ಬರೆದುಕೊಂಡದ್ದೇ ಕಣ್ಣೆದುರಿಗಿತ್ತು: ಕಣ್ಣಿನ ಜೀವಕೋಶಗಳು ಒಡೆದು ಎರಡಾಗುವುದನ್ನು ಔಷಧ ತಡೆಯುತ್ತದೆ. ಆಹಾರ ಬೇಕೆನ್ನುವ ಮೊಳಕೆಯೇ ಇಲ್ಲದಿದ್ದರೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳೂ ನಿಧಾನ, ಉಸಿರೂ ನಿಧಾನ. ತೊಳೆದು ನೋಡಿದೆ, ಪ್ರಯೋಜನವಾಗಲಿಲ್ಲ. ಮೊಳಕೆ ಎಬ್ಬಿಸುವ ದ್ರಾವಣದಲ್ಲಿ ಕೆಲವನ್ನು ನೆನೆಸಿದೆ, ಅವು ಕೊಳೆತವು. ಅಳೆಯುವುದನ್ನು ಕಲಿಸಿದ್ದರು, ಅಷ್ಟೇ.

ಅಕ್ಕನಿಗೆ ಕ್ರೇಟಿನ ವಿಷಯವನ್ನೆಲ್ಲ ಹೇಳಿದೆ. ಅವಳು ಒಂದು ಗಡ್ಡೆಯನ್ನು ಅಂಗೈಯಲ್ಲಿ ತಿರುಗಿಸುತ್ತ ಕೇಳಿಸಿಕೊಂಡಳು.

"ಸತ್ತಿದಾವೇನೇ?"

"ಇಲ್ಲಕ್ಕ. ಉಸಿರಾಡ್ತಿದಾವೆ."

"ಮತ್ತೆ ಇನ್ನೇನು? ನೆಟ್ಟರಾಯ್ತು."

ಉಸಿರಾಡುವುದು ಬೇರೆ, ಮೊಳೆಯುವುದು ಬೇರೆ ಎಂದು ಹೇಳಬೇಕಿತ್ತು. ಅವಳಾಗಲೇ ಗುದ್ದಲಿ ಹಿಡಿದು ಹಿತ್ತಿಲಿಗೆ ನಡೆದಿದ್ದಳು. ಸಾಲು ತೆಗೆಯುತ್ತ ಹೋದಳು. ಕಣ್ಣು ಮೇಲಾಗಿ ಇಡು, ಒತ್ತೊತ್ತಾಗಿ ಬೇಡ, ಬೆಳೆದಾಗ ಜಾಗ ಸಾಲುವುದಿಲ್ಲ ಎಂದಳು.

ನಾನು ಒಂದೊಂದನ್ನೂ ಗೇಣಿನಿಂದ ಅಳೆದು ಇಡುತ್ತ ಅವಳ ಹಿಂದೆ ಹೋದೆ.