ನಾಲ್ಕೂವರೆ ಬೆರಳು

"ಆ ಕೊಳಕು ಇನ್ನೂ ಅಲ್ಲೇ ಇದ್ಯಲ್ಲೇ. ಕಣ್ಣಿಗೇನು ಮಣ್ಣು ಬಿದ್ದಿದ್ಯಾ?"

ಸೂಪರ್‌ವೈಸರ್ ಬೂಟಿನ ತುದಿಯಿಂದ ತೋರಿಸಿದ್ದು ನಮ್ಮತ್ತೆಯ ಕೈಯನ್ನು.

ಕೈ ಎಂದರೆ ಕೈಯ ಗುರುತು. ಲಿಫ್ಟಿನ ಎದುರಿನ ಹಾಲಿನಲ್ಲಿ, ಸೋಫಾದ ಹಿಂದಿನ ಮೂಲೆಯಲ್ಲಿ, ನೆಲದ ಮೇಣದ ಪಾಲಿಶಿನೊಳಗೆ ಒಣಗಿ ಕೂತಿತ್ತು. ಅಗಲವಾದ ಅಂಗೈ, ನೆಟ್ಟಗಿನ ನಾಲ್ಕು ಬೆರಳು, ಅರ್ಧವೇ ಅರ್ಧ ಕಿರುಬೆರಳು. ಉಳಿದರ್ಧವನ್ನು ಇದೇ ಕಟ್ಟಡದ ಕಬ್ಬಿಣದ ಬಾಗಿಲು ತಿಂದು ಎಷ್ಟೋ ವರ್ಷವಾಗಿದೆ.

"ನಾಲ್ಕು ಗಂಟೆಗೆ ಲೇಬರ್ ಆಫೀಸಿಂದ ಬರ್ತಾರೆ. ಅಷ್ಟರಲ್ಲಿ ಇಡೀ ಹಾಲಿನ ಪಾಲಿಶ್ ಕಿತ್ತು ಹೊಸದು ಹಾಕಿರ್ಬೇಕು. ಇಷ್ಟಗಲ ಮಾತ್ರ ಕಿತ್ರೆ ತೇಪೆ ಕಾಣತ್ತೆ. ಗೊತ್ತಾಯ್ತಾ?"

"ಆಯ್ತು ಸಾರ್" ಅಂದೆ. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು.

ಅವನಿಗೆ ನಾವಿಟ್ಟ ಹೆಸರು ಸೀಟಿ. ಒಬ್ಬರನ್ನೂ ಹೆಸರು ಹಿಡಿದು ಕರೆದವನಲ್ಲ, ನಾಯಿ ಕರೆದ ಹಾಗೆ ಬಾಯಲ್ಲಿ ಸೀಟಿ ಹೊಡೆಯುತ್ತಾನೆ. ನಾವೂ ತಿರುಗಿ ನೋಡುತ್ತೇವೆ. ಅದೇ ನನಗೆ ಮೈ ಉರಿಯುವುದು.

ಅತ್ತೆ ಬಿದ್ದು ನಾಲ್ಕು ತಿಂಗಳಾಯಿತು. ಅವತ್ತು ಈ ಮೂಲೆಗೆ ಹೊಸ ಪಾಲಿಶ್ ಎಳೆದಾಗಿತ್ತು, ಪಕ್ಕದಲ್ಲಿ ಹಳೆಯದನ್ನು ಕೀಳುವ ಔಷಧಿ ಸುರಿದಿತ್ತು. ಆ ಔಷಧಿ ಬಿದ್ದ ನೆಲ ಲೋಳೆಯಾಗುತ್ತದೆ, ಕಾಲು ನಿಲ್ಲುವುದಿಲ್ಲ. ಜಾರದ ಬೂಟು ಕೊಡಿ ಎಂದು ಕೇಳಿ ಕೇಳಿ ನಮ್ಮ ಗಂಟಲು ಒಣಗಿತ್ತು. ಬೂಟಿನಿಂದ ನೆಲಕ್ಕೆ ಕಪ್ಪು ಗೆರೆ ಬೀಳುತ್ತದಂತೆ, ಕೊಡಲಿಲ್ಲ. ಬರಿಗಾಲಲ್ಲಿ ಜಾರಿದ ಅತ್ತೆ ಹಸಿ ಪಾಲಿಶಿನ ಮೇಲೆ ಕೈಯೂರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಗಡಿಬಿಡಿಯಲ್ಲಿ ಯಾರೋ ಸೋಫಾ ಎಳೆದು ಆ ಮೂಲೆ ಮುಚ್ಚಿದರು.

ಆಪರೇಷನ್ ಆದರೆ ಮತ್ತೆ ನಡೆಯುತ್ತಾಳೆ, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದರು ಡಾಕ್ಟರು. ಕೆಲಸದಲ್ಲಿ ಬಿದ್ದಳೆಂದು ಒಪ್ಪಿಕೊಂಡರೆ ಕಂಪನಿಯೇ ಆಪರೇಷನ್ ಮಾಡಿಸಬೇಕು. ಅದಕ್ಕೇ ಒಪ್ಪಲಿಲ್ಲ. ಅವತ್ತು ಅವಳು ಕೆಲಸಕ್ಕೇ ಬಂದಿರಲಿಲ್ಲವಂತೆ, ಮನೆಯ ಬಚ್ಚಲಲ್ಲಿ ಬಿದ್ದಳಂತೆ. ನಮ್ಮ ಜೊತೆ ಬ್ರಷ್ ಮೆಷಿನ್ ಓಡಿಸುವವನು, ನಾವೆಲ್ಲ ಅಣ್ಣ ಅಂತಲೇ ಕರೆಯುವುದು, ಕಣ್ಣಾರೆ ಕಂಡಿದ್ದ. ನಾನೇನೂ ನೋಡಿಲ್ಲ ಎಂದು ಬರೆದ ಕಾಗದಕ್ಕೆ ಅವನೂ ಸಹಿ ಹಾಕಿದ. ಕೊನೆಗೆ ಲೇಬರ್ ಆಫೀಸಿಗೆ ದೂರು ಕೊಟ್ಟೆವು.

ಮೊನ್ನೆ ಸೋಫಾ ಸರಿಸಿ ಗುಡಿಸುವಾಗ ಕೈ ಕಂಡಿತು. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಸೀದಾ ಮ್ಯಾನೇಜರ್ ಮುಂದೆ ಹೋಗಿ, "ನಮ್ಮತ್ತೆ ಬಂದೇ ಇಲ್ಲ ಅಂದ್ರಲ್ಲ, ಅವಳ ಕೈ ಬಂದಿದೆ ನೋಡಿ" ಅಂದೆ. ಆತ ನೋಡಿದ. ನೋಡಿದ್ದರ ಫಲ ಇವತ್ತಿನ ಈ ಕೆಲಸ. ಫೋಟೋ ತೆಗೆಯೋಣವೆಂದರೆ ನಮ್ಮ ಫೋನನ್ನು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಮಾಡುವುದಿಲ್ಲ ಎಂದರೆ ಇನ್ನೊಬ್ಬಳನ್ನು ಕರೆಸುತ್ತಾರೆ, ಅವಳು ಅರ್ಧ ಗಂಟೆಯಲ್ಲಿ ಕೆರೆದು ಬಿಸಾಕುತ್ತಾಳೆ.

ಬೆಳಿಗ್ಗೆ ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ಲಿಫ್ಟ್ ಹಾಲಿನ ಪಾಲಿಶ್ ಕೀಳುವುದಿದೆ ಎಂದಷ್ಟೇ ಹೇಳಿದೆ. ಮಲಗಿದ್ದಲ್ಲಿಂದಲೇ ಶುರು ಮಾಡಿದಳು.

"ಔಷಧಿ ಹತ್ತು ನಿಮಿಷ ನೆನೀಲಿ, ಒಣಗೋಕೆ ಬಿಡ್ಬೇಡ. ಎರಡು ಸಲ ನೀರು ಹಾಕಿ ತೊಳಿ. ಮೂಲೆ ಬಿಟ್ಟು ಬರೋ ಚಾಳಿ ನಿಂದು, ಸೋಮಾರಿ ಮುಂಡೇದೆ."

"ಇವತ್ತು ಮೂಲೆ ಬಿಡ್ತೀನಿ ಅತ್ತೆ."

"ಬಿಡ್ತಾಳಂತೆ. ನಾನು ಎದ್ದು ಬಂದ್ರೆ ಇದೆ ನಿಂಗೆ."

ಎದ್ದು ಬಾರೇ ತಾಯಿ, ಅದಕ್ಕೇ ಸಾಯುತ್ತಿದ್ದೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಬಂದೆ.

ಸೀಟಿ ಫೋನಿನಲ್ಲಿ ಮಾತಾಡುತ್ತಾ ಅತ್ತ ತಿರುಗಿದಾಗ ಒದ್ದೆ ಬಟ್ಟೆಗಳನ್ನು ಸುರುಳಿ ಸುತ್ತಿ ಕೈಯ ಸುತ್ತ ಕಟ್ಟೆ ಕಟ್ಟಿದೆ. ಮೇಲೆ ಬಕೆಟ್ ಮುಚ್ಚಿದೆ. ನೆಲ ತೊಳೆಯುವ ಕಡೆ ಬಕೆಟ್ ಇದ್ದರೆ ಯಾರು ಕೇಳುತ್ತಾರೆ? ಆಮೇಲೆ ಹಾಲಿನ ತುಂಬ ಔಷಧಿ ಸುರಿದೆ. ಘಾಟು ಮೂಗಿಗೆ ಬಡಿದದ್ದೇ ಸೀಟಿ ಕರ್ಚೀಫು ಹಿಡಿದುಕೊಂಡು, "ಬಂದು ನೋಡ್ತೀನಿ" ಎಂದು ಕೆಳಗಿಳಿದ.

ಹಳೆಯ ಪಾಲಿಶ್ ನೆನೆದು ಹಾಲಿನ ಕೆನೆಯಂತೆ ಎದ್ದಿತು. ಅಣ್ಣ ಮೆಷಿನ್ ತಿರುಗಿಸಿದ, ನಾನು ಮಂಡಿಯೂರಿ ಅಂಚುಗಳನ್ನು ಕೆರೆದೆ. ಕಾಲ್ಬೆರಳ ಸಂದಿ ಉರಿಯಿತು. ಎರಡು ಸಲ ತೊಳೆದೆವು, ಅತ್ತೆ ಹೇಳಿದ ಹಾಗೇ. ಮಧ್ಯಾಹ್ನದ ಹೊತ್ತಿಗೆ ಇಡೀ ನೆಲ ಬೋಳು ಬೋಳಾಗಿ ಮಂಕಾಗಿತ್ತು. ಬಕೆಟ್ ಎತ್ತಿದೆ. ಊಟದ ತಟ್ಟೆಯಗಲದ ಹಳದಿ ಪಾಲಿಶ್ ಒಂದೇ ಮಿರಮಿರ ಹೊಳೆಯುತ್ತಿತ್ತು, ಅದರೊಳಗೆ ನಮ್ಮತ್ತೆಯ ಕೈ. ಅಣ್ಣ ಅದನ್ನು ನೋಡಿದ, ನನ್ನ ಮುಖ ನೋಡಲಿಲ್ಲ.

"ಮನೇಲಿ ಮೂರು ಮಕ್ಕಳು ಕಣಮ್ಮ" ಅಂದ.

"ನಾನೇನಾದ್ರೂ ಕೇಳಿದ್ನಾ?"

ಮೂರೂಕಾಲಿಗೆ ಹೊಸ ಪಾಲಿಶಿನ ಡಬ್ಬ ಬಿಚ್ಚಿದೆ. ಈ ಕೆಲಸದಲ್ಲಿ ಒಳಮೂಲೆಯಿಂದ ಎಳೆಯುತ್ತಾ ಬಾಗಿಲಿಗೆ ಬರಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಬಾಗಿಲಿಂದ ಶುರು ಮಾಡಿ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದೆ. ಒಣಗುವವರೆಗೆ ಗೋಡೆಗೆ ಅಂಟಿ ನಿಂತಿದ್ದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕು, ಕೇರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಇವತ್ತೂ ಬಾಗಿಲಿಂದಲೇ ಶುರು ಮಾಡಿದೆ.

"ಒಳಗೆ ಸಿಕ್ಹಾಕ್ಕೊಳ್ತೀಯಲ್ಲೇ" ಎಂದ ಅಣ್ಣ ಬಾಗಿಲಾಚೆಯಿಂದ.

"ಗೊತ್ತು."

ಪಾಲಿಶ್ ಒಣಗಿಸುವ ದೊಡ್ಡ ಫ್ಯಾನ್ ಬಾಗಿಲಲ್ಲೇ ಇತ್ತು. ಅವನು ಅದರ ವೈರ್ ಸುತ್ತಿ, ಹೆಗಲಿಗೇರಿಸಿಕೊಂಡು, ಮೆಟ್ಟಿಲಿಳಿದು ಹೋದ.

ಬಾಗಿಲು, ಲಿಫ್ಟಿನ ಮುಂದೆ, ನಡುವೆ, ಎಲ್ಲ ಕಡೆ ದಪ್ಪಗೆ ಎಳೆಯುತ್ತಾ ಹಿಂದೆ ಹಿಂದೆ ಸರಿದು ಮೂಲೆಗೆ ಬಂದೆ. ಬೆನ್ನಿಗೆ ಗೋಡೆ, ಕಾಲಿನ ಪಕ್ಕದಲ್ಲಿ ಅತ್ತೆಯ ಕೈ, ಸುತ್ತ ಹಸಿ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಬಾಗಿಲಲ್ಲಿ ಸೀಟಿ ಕೇಳಿಸಿತು. ನಾನು ತಿರುಗಲಿಲ್ಲ. ಇನ್ನೊಮ್ಮೆ ಹೊಡೆದ.

"ಲೇ, ಕಿವಿ ಸತ್ತಿದ್ಯಾ? ಅದು... ಅದನ್ನ ಯಾಕೆ ಬಿಟ್ಟಿದೀಯಾ? ಕೆರಿಯೇ ಅದನ್ನ, ಬೋಳಿಮಗಳೇ."

"ನಂಗಾಗಲ್ಲ ಸಾರ್. ನೀವೇ ಬಂದು ಕೆರೀರಿ. ನಡ್ಕೊಂಡೇ ಬರ್ಬೇಕು, ಬೇರೆ ದಾರಿ ಇಲ್ಲ."

"ನಾಳೆಯಿಂದ ಈ ಗೇಟ್ ಹತ್ರ ಕಾಲಿಟ್ರೆ ಕಾಲು ಮುರೀತೀನಿ."

"ಒಬ್ಬಳದು ಮುರಿದಿದ್ದು ಸಾಲ್ಲಿಲ್ವಾ?"

ಸಿಟ್ಟಿನಲ್ಲಿ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಹಸಿ ಪಾಲಿಶ್ ಬೂಟನ್ನು ಹಿಡಿದೆಳೆಯಿತು. ಕೆಳಗೆ ನೋಡಿಕೊಂಡ, ಆಗ ಹೊಳೆದಿರಬೇಕು, ಸರಕ್ಕನೆ ಹಿಂದೆ ಸರಿದ. ಎರಡು ಬೂಟಿನ ಗುರುತು ಹಲ್ಲು ಹಲ್ಲಾಗಿ ಅಲ್ಲೇ ಉಳಿಯಿತು.

ಲಿಫ್ಟಿನ ಬಾಗಿಲು ತೆರೆಯಿತು. ಫೈಲು ಹಿಡಿದ ಹೆಂಗಸೊಬ್ಬಳು, ಹಿಂದೆ ಮ್ಯಾನೇಜರ್. ಅವಳು ಕಾಲೆತ್ತಿದಳು.

"ಅಲ್ಲೇ ನಿಂತ್ಕೊಳಿ ಮೇಡಂ, ನೆಲ ಹಸಿ ಇದೆ" ಅಂದೆ. "ಆ ಬೂಟಿನ ಗುರುತು ಈ ಸಾರ್‌ದು, ಈಗಷ್ಟೇ ಬಿದ್ದಿದ್ದು. ಇಲ್ಲಿರೋದು ನಮ್ಮತ್ತೇದು. ಅಲ್ಲಿಂದ್ಲೇ ಕಾಣತ್ತೆ, ಬೆರಳು ಎಣ್ಸಿ."